ಹದಿನೇಳು ಸೆಕೆಂಡಿನ ಮಿಡತೆ

ಸಮಸ್ತ ಪ್ರೇಕ್ಷಕ ಮಹಾಶಯರಿಗೆ ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ, ‘ಮಿಡತೆಗಳ ಮಹಾದಾಳಿ’ ಚಿತ್ರದ ಖಳನಾಯಕ, ಬಸ್ಸಿನಷ್ಟು ದೊಡ್ಡ ಕೊಲೆಗಾರ ಮಿಡತೆಯ ಎಡಮೀಸೆಯು ಶುಕ್ರವಾರದ ಮ್ಯಾಟಿನಿಯಲ್ಲಿ ಅಕಾಲ ಮರಣಕ್ಕೆ ತುತ್ತಾಯಿತು.

ಆದದ್ದಿಷ್ಟೇ. ನಲವತ್ತು ವರ್ಷದ ಹಳೇ ಪ್ರಿಂಟು, ಮೀಸೆ ಅಲ್ಲಾಡುವ ಜಾಗಕ್ಕೆ ಸರಿಯಾಗಿ ಪಟ್ಟನೆ ಹರಿಯಿತು. ಆಪರೇಟರ್ ಹರಿದ ತುದಿ ಕತ್ತರಿಸಿ, ಅಂಟಿಸಿ, ಮತ್ತೆ ಓಡಿಸಿದ. ಕತ್ತರಿಸಿದ ತುಂಡನ್ನು ಕಸದ ಬುಟ್ಟಿಗೆ ಹಾಕುವುದು ಬಿಟ್ಟು, ಶೋ ಮುಗಿದ ಮೇಲೆ ಟಿಕೆಟ್ ಕೌಂಟರಿನ ಕಿಂಡಿಯೊಳಗೆ ತೂರಿಸಿದ.

“ಏನಿದು ಆಪರೇಟ್ರೇ?” ಕೌಂಟರಿನವಳು ತುಂಡನ್ನು ಬಲ್ಬಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು.

“ಮೀಸೆ.”

“ಎಲ್ಲಾರೂ ಹೂವು ತಂದ್ಕೊಡ್ತಾರೆ. ನೀವು ನೋಡಿದ್ರೆ ಮಿಡತೆ ಮೀಸೆ!”

ಮುಚ್ಚಿದ್ದ ಕಣ್ಣು ನಿಧಾನವಾಗಿ ತೆರೆಯಿತು. ಅದರ ತುಂಬಾ ನಗು. ಆಪರೇಟರ್ ಮೆಟ್ಟಿಲು ಹತ್ತಿ ಕ್ಯಾಬಿನ್‌ಗೆ ಹೋದನೋ, ತೇಲಿಕೊಂಡು ಹೋದನೋ ಅವನಿಗೇ ನೆನಪಿಲ್ಲ.

ಆಮೇಲೆ ಪ್ರಿಂಟು ಶೋಗೊಂದು ಸಲ ಹರಿಯತೊಡಗಿತು. ಹರಿದಾಗಲೆಲ್ಲ ಕಿಂಡಿಗೊಂದು ಕಾಣಿಕೆ. ಮಿಡತೆಯನ್ನು ಎಳೆಯುವ ಹಗ್ಗ ಕಂಡುಬಿಟ್ಟ ದೃಶ್ಯ. ನಾಯಕಿ ಬಾಯಿ ತೆರೆದ ಎಂಟು ಫ್ರೇಮು. ರಟ್ಟಿನ ಊರನ್ನು ತಿಂದು ತೇಗುವ ಮಿಡತೆ. ಕೌಂಟರ್ ಮುಚ್ಚಿದ ಮೇಲೆ ಅವಳು ಹಿಂದಿನ ಸಾಲಿಗೆ ಬಂದು ಕೂರುತ್ತಿದ್ದಳು. ಹೆದರಬೇಕಾದ ಜಾಗದಲ್ಲೆಲ್ಲ ಅವಳು ಕಿಲಕಿಲ ನಗುತ್ತಿದ್ದರೆ, ಮೇಲೆ ಕ್ಯಾಬಿನ್ನಿನಲ್ಲಿ ಅವನಿಗೆ ಎದೆ ಡವಡವ.

ಆದರೆ ಬಾಯಿ? ಮೆಷಿನ್ ಹತ್ತಿರ ಗಂಟೆಗಟ್ಟಲೆ ಹರಟುವವನಿಗೆ ಕಿಂಡಿಯ ಮುಂದೆ ನಿಂತರೆ ನಾಲಿಗೆ ಅಂಟಿಕೊಳ್ಳುತ್ತಿತ್ತು.

ಬುಧವಾರ ಅವಳೇ ಹೇಳಿದಳು. “ಅಕ್ಕನ ಊರಲ್ಲಿ ಕೆಲಸ ಸಿಕ್ಕಿದೆ. ನಾಳೆ ನಾಲ್ಕು ಗಂಟೆ ಬಸ್ಸು. ಇನ್ನು ಈ ಕಡೆ ಬರಲ್ಲ ಅನ್ಸುತ್ತೆ.”

ಅವನ ಮುಖ ಸುಣ್ಣದ ಗೋಡೆಯಾಯಿತು. “ನಾಳೆ ಮ್ಯಾಟಿನಿಗೆ... ಇಂಟರ್ವಲ್‌ವರೆಗಾದ್ರೂ ಕೂತಿರ್ತೀರಾ?”

“ಯಾಕೆ?”

“ಸುಮ್ನೆ.”

“ಸುಮ್ನೆ ಯಾರಾದ್ರೂ ಇಷ್ಟು ಬೆವರ್ತಾರಾ?”

“ಮಾತು ಕೊಡಿ ಮೇಡಂ.”

ಅವಳು ಅವನನ್ನೇ ನೋಡಿದಳು, ನಕಲಿ ನೋಟು ಪರೀಕ್ಷಿಸುವ ಹಾಗೆ. “ಸರಿ. ಇಂಟರ್ವಲ್‌ವರೆಗೆ ಏಳಲ್ಲ.”

ಯೋಜನೆ ಸಿದ್ಧವಾಯಿತು. ಮಧ್ಯಂತರದಲ್ಲಿ ಜಾಹೀರಾತಿನ ಗಾಜಿನ ಸ್ಲೈಡ್ ಹಾಕುತ್ತಾರಲ್ಲ, ಅಂಥದ್ದೇ ಒಂದನ್ನು ತೊಳೆದು, ಒರೆಸಿ, ತನ್ನ ಜೀವಮಾನದ ಅತ್ಯಂತ ದುಂಡಾದ ಅಕ್ಷರಗಳಲ್ಲಿ ಅವನು ಬರೆದ. ಬಾಯಿಗೆ ಬಾರದ್ದು ಮೂವತ್ತು ಅಡಿ ಪರದೆಯ ಮೇಲೆ ಬರಲಿ!

ಗುರುವಾರ ಮೂರು ಗಂಟೆಗೆ, ಶೋ ಶುರುವಾಗುವ ಹೊತ್ತಿಗೆ ಮ್ಯಾನೇಜರ್ ಕ್ಯಾಬಿನ್ನಿಗೆ ಇಣುಕಿದರು. ರೂಲಿನ ವಿಷಯಕ್ಕೆ ಬಂದರೆ ಅವರು ಗೋಡೆಗೆ ಹೊಡೆದ ಮೊಳೆ.

“ಇವತ್ತು ಇಂಟರ್ವಲ್ ಇಲ್ಲ ಕಣಯ್ಯಾ.”

“ಸಾರ್! ನಿನ್ನೆವರೆಗೂ ಇತ್ತಲ್ಲ!”

“ಎಪ್ಪತ್ತೈದು ನಿಮಿಷಕ್ಕಿಂತ ಚಿಕ್ಕ ಪಿಕ್ಚರಿಗೆ ಇಂಟರ್ವಲ್ ಕೊಡೋ ಹಾಗಿಲ್ಲ, ಓನರ್ ರೂಲು. ಮೊದಲನೇ ದಿನ ಎಪ್ಪತ್ತೈದು ನಿಮಿಷ ಒಂಬತ್ತು ಸೆಕೆಂಡಿತ್ತು. ನಿನ್ನೆ ವಾಚ್ ಹಿಡಿದು ಕೂತೆ. ಎಪ್ಪತ್ನಾಲ್ಕು ಐವತ್ತೆರಡು! ಹದಿನೇಳು ಸೆಕೆಂಡು ಎಲ್ಲಿ ಹೋಯ್ತಪ್ಪಾ?”

ಎಲ್ಲಿ ಹೋಯಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹದಿನೇಳು ಸೆಕೆಂಡೂ ಕೌಂಟರಿನವಳ ಪರ್ಸಿನಲ್ಲಿ ಸುರುಳಿ ಸುತ್ತಿಕೊಂಡು ಕೂತಿತ್ತು.

ಹತ್ತು ನಿಮಿಷಕ್ಕೊಂದು ರೀಲು ಬದಲಿಸಬೇಕು, ಕ್ಯಾಬಿನ್ ಬಿಟ್ಟು ಕದಲುವಂತಿಲ್ಲ. ಗೋಡೆಯ ಚೌಕದ ಕಿಂಡಿಯಿಂದ ನೋಡಿದ. ಹಿಂದಿನ ಸಾಲಿನಲ್ಲಿ ಅವಳು, ತೊಡೆಯ ಮೇಲೆ ಬ್ಯಾಗು. ಮೂರೂ ನಲವತ್ತಕ್ಕೆ ವಾಚ್ ನೋಡಿದಳು. ಐವತ್ತಕ್ಕೆ ಕತ್ತು ತಿರುಗಿಸಿ ಕ್ಯಾಬಿನ್ನಿನ ಕಡೆ ನೋಡಿದಳು. ಪರದೆಯ ಮೇಲೆ ಮಿಡತೆ ಪೊಲೀಸ್ ಠಾಣೆ ತಿನ್ನುತ್ತಿತ್ತು. ಇವತ್ತು ಅವಳು ನಗಲಿಲ್ಲ. ಏಳಲೂ ಇಲ್ಲ. ನಾಲ್ಕಾಯಿತು. ದರಿದ್ರ ಪ್ರಿಂಟು, ಇವತ್ತೊಂದು ದಿನ ಒಂದು ಸಲವೂ ಹರಿಯಲಿಲ್ಲ!

ನಾಲ್ಕೂ ಕಾಲಿಗೆ ಮಿಡತೆ ಸತ್ತಿತು. ಕ್ಯಾಬಿನ್ ಬಾಗಿಲಲ್ಲಿ ಬ್ಯಾಗು ಸಮೇತ ಅವಳು.

“ಬಸ್ ಹೋಯ್ತು.”

“ಎದ್ದು ಹೋಗ್ಬಹುದಿತ್ತಲ್ಲ ಮೇಡಂ...”

“ಹೆಂಗ್ರೀ ಹೋಗ್ಲಿ? ಇಂಟರ್ವಲ್‌ವರೆಗೆ ಏಳಲ್ಲ ಅಂತ ಮಾತು ಕೊಟ್ಟಿದ್ದೆ. ಇಂಟರ್ವಲ್ಲೇ ಬರ್ಲಿಲ್ಲ.”

ಅವನು ಸ್ಲೈಡು ಚಾಚಿದ. ಅವಳು ಬಲ್ಬಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಓದಿದಳು. ‘ಕೌಂಟರಿನ ಮೇಡಂ, ನನ್ನನ್ನು ಮದುವೆ ಆಗ್ತೀರಾ? ಇಂತಿ ತಮ್ಮ ವಿಧೇಯ ಆಪರೇಟರ್.’

“ಅಯ್ಯೋ! ಇದನ್ನ ಹನ್ನೊಂದು ಜನದ ಮುಂದೆ ಹಾಕ್ತಿದ್ರಾ? ಮಾನ ಹೋಗ್ತಿತ್ತು. ನಾಚಿಕೆಗೆ ಓಡಿ ಹೋಗಿ ಬಸ್ ಹತ್ತಿಬಿಡ್ತಿದ್ದೆ.”

“ಈಗ?”

“ಈಗ ಅಕ್ಕನಿಗೆ ಫೋನ್ ಮಾಡ್ಬೇಕು. ಬಸ್ ತಪ್ಪಿತು ಅಂತ.”

“ಯಾಕೆ ತಪ್ಪಿತು ಅಂತ ಕೇಳಿದ್ರೆ?”

ಅವಳು ಸ್ಲೈಡನ್ನು ಸೆರಗಿನಲ್ಲಿ ಒರೆಸಿ ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡಳು.

“ನಿನ್ನ ತಂಗಿ ಗಂಡ ತಪ್ಪಿಸಿದ್ರು ಅಂತೀನಿ.”