ತಿಳಿನೀರಿನ ಗುಟ್ಟು

ಶೈಲಜಮ್ಮನವರಿಗೆ ನಮಸ್ಕರಿಸಲು ಪ್ರಿಯಂವದಾ ಬಗ್ಗಿದ್ದೇ ತಡ, ಅವಳ ಮೂಗಿನಿಂದ ತಿಳಿನೀರು ತೊಟತೊಟನೆ ನೆಲಕ್ಕೆ ಬಿತ್ತು!

ಅಯ್ಯೋ, ಹೆಣ್ಣು ನೋಡಲು ಬಂದವರ ಮುಂದೆಯೇ...

"ಸೈನಸ್ ಆಪರೇಷನ್ ಆಗಿ ಮೂರು ವಾರ ಆಯ್ತು. ಇನ್ನೂ ನೆಗಡಿ ನಿಂತಿಲ್ಲ," ಎಂದರು ಅವಳ ತಂದೆ ಶ್ರೀನಿವಾಸಯ್ಯ, ಸಂಕೋಚದಿಂದ.

ಶೈಲಜಮ್ಮನವರ ಮಗ ವಸಿಷ್ಠ ಅವಳನ್ನೇ ದಿಟ್ಟಿಸುತ್ತಿದ್ದ. "ಒಂದೇ ಹೊಳ್ಳೆಯಿಂದ ಬರುತ್ತಾ? ಬಗ್ಗಿದಾಗ ಜಾಸ್ತಿನಾ? ಗಂಟಲಿಗಿಳಿದ್ರೆ ಉಪ್ಪುಪ್ಪು ಅನ್ಸುತ್ತಾ?"

ಮದುವೆ ಹುಡುಗ ಕೇಳುವ ಮಾತೇ ಇದು!

"ಹೌದು... ತಲೆನೋವೂ ಇದೆ," ಎಂದಳು ತಲೆ ಎತ್ತದೆ.

ಅವನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ!

'ಬೇಡ ಅಂತ ಹೇಳೋಕೂ ನಿಲ್ಲಲಿಲ್ಲವಲ್ಲ...' ಪ್ರಿಯಂವದಾ ಕೋಣೆ ಸೇರಿ ಬಿಕ್ಕಿದಳು.

ಕಾಲು ಗಂಟೆಯಲ್ಲಿ ಗಾಂಧಿ ಬಜಾರಿನ ಕಡೆಯಿಂದ ಆಟೋವೊಂದು ಬಂದು ಮನೆ ಮುಂದೆ ನಿಂತಿತು. ಇಳಿದವನು ವಸಿಷ್ಠ!

"ಎಸ್‌ಟಿಡಿ ಬೂತಿಂದ ಡಾಕ್ಟರಿಗೆ ಫೋನ್ ಮಾಡಿದೆ ಸಾರ್. ನಾನು ಕೆಲಸ ಮಾಡೋ ಆಸ್ಪತ್ರೆ ಲ್ಯಾಬಲ್ಲಿ ಇಂಥದ್ದು ನೋಡಿದೀನಿ. ಇದು ನೆಗಡಿ ಅಲ್ಲ ಅನ್ಸುತ್ತೆ. ಈಗ್ಲೇ ಹೊರಡೋಣ."

ಪರೀಕ್ಷೆಗಳಾದವು, ಸ್ಕ್ಯಾನ್ ಆಯಿತು. ಅವನ ಅನುಮಾನ ನಿಜವಾಗಿತ್ತು.

"ಮೂಗಿಗೂ ಮೆದುಳಿಗೂ ಮಧ್ಯೆ ಕಾಗದದಂಥ ಮೂಳೆ ಇದೆಯಮ್ಮ," ಎಂದರು ಡಾಕ್ಟರು. "ಅಪರೂಪಕ್ಕೆ ಸೈನಸ್ ಆಪರೇಷನ್ನಲ್ಲಿ ಅಲ್ಲಿ ತೂತಾಗುತ್ತೆ. ಸೋರ್ತಿರೋದು ಮೆದುಳಿನ ಸುತ್ತ ಇರೋ ನೀರು. ಹಾಗೇ ಬಿಟ್ಟಿದ್ರೆ ಸೋಂಕು ಮೆದುಳಿಗೇ ಏರಬಹುದಿತ್ತು!"

ಅವಳ ತೊಡೆಯಿಂದಲೇ ಚೂರು ಪೊರೆ ತೆಗೆದು, ಮೂಗಿನ ದಾರಿಯಲ್ಲೇ ಆ ತೂತು ಮುಚ್ಚಿದರು. ಸೋರುವುದು ನಿಂತಿತು.

ದಿಂಬೇರಿಸಿ ಮಲಗಿದ್ದ ಪ್ರಿಯಂವದಾಳ ಬೆರಗು ಮಾತ್ರ ನಿಲ್ಲಲಿಲ್ಲ. "ಮೆದುಳಿನ ನೀರನ್ನ ಕರ್ಚೀಫಲ್ಲಿ ಒರೆಸ್ಕೊಂಡು ಓಡಾಡ್ತಿದ್ನಲ್ಲಾ ನಾನು!"

"ಅದು ದಿನಕ್ಕೆ ಮೂರ್ನಾಲ್ಕು ಸಲ ಪೂರ್ತಿ ಹೊಸದಾಗುತ್ತೆ, ಗೊತ್ತಾ? ನಮಗೆ ಗೊತ್ತಾಗೋದೇ ಇಲ್ಲ," ಎಂದ ವಸಿಷ್ಠ, ದೇವರ ಮನೆಯಲ್ಲಿ ನಿಂತವನಂತೆ ಮೆಲ್ಲಗೆ.

ಅವಳ ಎದೆ ಝಲ್ಲೆಂದಿತು. ತನ್ನೊಳಗೆ ಇಷ್ಟೊಂದು ಅಚ್ಚರಿಯೇ! ಅದನ್ನು ಒಂದೇ ನೋಟದಲ್ಲಿ ಕಂಡುಕೊಂಡನೇ ಇವನು!

ಆದರೂ ಕೇಳಿಯೇಬಿಟ್ಟಳು. "ಆರು ದಿನದಿಂದ ತಪ್ಪದೆ ಬರ್ತಿದೀರ... ಕನಿಕರಕ್ಕಾ?"

ವಸಿಷ್ಠ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಮೊದಲ ದಿನ ಭಯಕ್ಕೆ ಬಂದೆ. ಎರಡನೇ ದಿನ ರಿಪೋರ್ಟಿನ ನೆಪ ಇತ್ತು. ಮೂರನೇ ದಿನದಿಂದ ಯಾವ ನೆಪಾನೂ ಸಿಗ್ಲಿಲ್ಲ... ಆದ್ರೂ ಬಂದೆ."

ಅವಳ ಕಣ್ಣು ತುಂಬಿತು.

"ನನ್ನನ್ನ ಮದುವೆ ಆಗ್ತೀರಾ, ಪ್ರಿಯಂವದಾ?"

"ತಲೆ ಅಲ್ಲಾಡಿಸಬಾರದು ಅಂದಿದಾರೆ ಡಾಕ್ಟರು..."

"ಬಾಯಲ್ಲೇ ಹೇಳಿ!"

"ಹೂಂ," ಎಂದಳು.