ಮೇಷ್ಟ್ರು ಮೊಣಕಾಲು ತಟ್ಟಿದಾಗ

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

"ನಾಯಿನ ಹೊರಗೆ ಕಟ್ಟಿ ಬನ್ನಿ ಮೇಡಂ!"

ಮದುವೆ ಹಾಲ್‌ನ ಮ್ಯಾನೇಜರ್ ಗಾಜಿನ ಬಾಗಿಲಿಗೆ ಅಡ್ಡ ನಿಂತಿದ್ದ. ನಾಯಿಯ ಬೆಲ್ಟಿನ ಮೇಲೆ ಅವಳ ಹಿಡಿತ ತಾನಾಗಿಯೇ ಬಿಗಿಯಾಯಿತು. ಇದು ಐದನೆಯ ಹಾಲ್. ಹೋದಲ್ಲೆಲ್ಲ ಇದೇ ಮಾತು... ಇದೇ ಅಡ್ಡಗೈ!

"ಇವನು ಬರೀ ಸಾಕಿದ ನಾಯಿ ಅಲ್ಲ ಸಾರ್. ಕೆಲಸದವನು," ಎಂದಳು. ಎಷ್ಟು ಸಲ ಹೇಳಿದರೂ ಈ ಮಾತು ಅವಳ ಬಾಯಲ್ಲಿ ಎಡವುತ್ತಿತ್ತು. "ನಂಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಇಳಿದ್ರೆ ನಂಗೇ ಗೊತ್ತಾಗಲ್ಲ. ಇವನಿಗೆ ವಾಸನೆಯಲ್ಲೇ ಗೊತ್ತಾಗುತ್ತೆ. ಮೊಣಕಾಲು ತಟ್ಟಿ ಹೇಳ್ತಾನೆ."

ಬೇರೆಯವರಿಗಾದರೆ ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಬೆವರು ಬರುತ್ತದೆ. ಅವಳ ಮೈ ಮಾತ್ರ ಆ ಸೂಚನೆಗಳನ್ನು ಕೊಡುವುದನ್ನು ಎಂದೋ ನಿಲ್ಲಿಸಿಬಿಟ್ಟಿತ್ತು. ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಎನ್ನುತ್ತಲೇ ಅವಳನ್ನು ನೆಲಕ್ಕೆ ಕೆಡವುತ್ತಿತ್ತು. ತನ್ನ ಮೈಯನ್ನೇ ತಾನು ನಂಬಲಾಗದ ಸಂಕಟವನ್ನು ಯಾರ ಬಳಿ ಹೇಳಿಕೊಳ್ಳುವುದು?

ಪಕ್ಕದಲ್ಲಿ ಅವನಿದ್ದ, ಅವಳನ್ನು ಮದುವೆಯಾಗಲಿದ್ದವನು. ಲಿಫ್ಟ್ ರಿಪೇರಿಯವನು, ಅವಳ ಬಾಯಲ್ಲಿ ಬರೀ ‘ಲಿಫ್ಟು’. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಅವಳು ಅವನಿಗೆ ‘ಕನ್ನಡಕ’. ಒಂದು ದಿನ ಕೆಟ್ಟು ನಿಂತ ಲಿಫ್ಟಿನ ಬಾಗಿಲನ್ನು ಅವನು ಸಲಾಕೆ ಹಾಕಿ ಬಿಡಿಸಿದಾಗ, ಒಳಗೆ ಈ ನಾಯಿ ಅವಳ ಮೊಣಕಾಲನ್ನು ತಟ್ಟುತ್ತಲೇ ಇತ್ತು.

"ಏನ್ರೀ ಇದು, ಹೋಂವರ್ಕ್ ಮಾಡದ ಮಕ್ಕಳನ್ನ ಗದರೋ ಮೇಷ್ಟ್ರ ಥರ!" ಎಂದಿದ್ದ. ಆವತ್ತಿನಿಂದ ನಾಯಿಗೆ ಅದೇ ಹೆಸರು. ಆವತ್ತಿನಿಂದ ಅವಳ ಎದೆಗೂ ನೆಮ್ಮದಿಯಿಲ್ಲ.

"ಮೇಷ್ಟ್ರಂತೆ ಮೇಷ್ಟ್ರು!" ಹಿಂದಿನಿಂದ ಅವನ ಅಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಂಡರು. "ಮದುವೆ ಫೋಟೋದಲ್ಲಿ ಇದು ನಿಂತ್ರೆ, ನೋಡಿದೋರು ಇಬ್ಬರಲ್ಲಿ ಗಂಡು ಯಾರು ಅಂತ ಕೇಳ್ತಾರೆ."

"ಅಮ್ಮಾ!"

"ಇನ್ನೇನೋ ಮತ್ತೆ? ಒಂದು ದಿನ ಮನೇಲಿ ಬಿಟ್ಟು ಬಂದ್ರೆ ಆಕಾಶ ಕಳಚಿ ಬೀಳುತ್ತಾ?"

ಅವಳು ತಲೆ ತಗ್ಗಿಸಿದಳು. ಅತ್ತೆಯಾಗುವವರು ಕೆಟ್ಟವರಲ್ಲ. ಆದರೆ ನಾಯಿಯನ್ನು ಬಿಟ್ಟು ಬಾ ಎಂದರೆ ತನ್ನ ಅರ್ಧವನ್ನು ಬಿಟ್ಟು ಬಾ ಎಂದಂತೆ ಎಂದು ಅವರಿಗೆ ಹೇಗೆ ತಿಳಿಸುವುದು?

ಮ್ಯಾನೇಜರ್ ತಲೆ ಕೆರೆದುಕೊಂಡ. "ಸರಿ. ವೇದಿಕೆ ಎದುರು ಹತ್ತು ನಿಮಿಷ ಕೂರ್ಲಿ. ಅಲ್ಲಾಡಬಾರ್ದು, ಸದ್ದು ಮಾಡಬಾರ್ದು. ಸುಮ್ಮನಿದ್ರೆ ಹಾಲ್ ನಿಮ್ಮದು."

ಅವಳು ತಲೆ ಎತ್ತಿದಳು. ಹತ್ತೇ ನಿಮಿಷ!

ನೆಲ ಒರೆಸಿದ ಫಿನಾಯಿಲ್ ವಾಸನೆ. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು. ವೇದಿಕೆಯ ಮೇಲೆ ಯಾರೋ ಮೈಕ್ ತಟ್ಟಿ "ಹಲೋ, ಹಲೋ" ಅನ್ನುತ್ತಿದ್ದರು. ಇಷ್ಟರ ನಡುವೆ ಮೇಷ್ಟ್ರು ಕಲ್ಲಿನಲ್ಲಿ ಕಡೆದಂತೆ ಕುಳಿತ. ಮ್ಯಾನೇಜರ್‌ನ ಮುಖ ಮೆಲ್ಲಗೆ ಸಡಿಲವಾಯಿತು. ಅತ್ತೆಯೂ ಬೀಸಿಕೊಳ್ಳುವುದನ್ನು ನಿಲ್ಲಿಸಿದರು.

ಆಗ ಅವಳ ಮೊಣಕಾಲಿನ ಮೇಲೆ ಒಂದು ಪಂಜ.

‘ಈಗ ಬೇಡ ಮೇಷ್ಟ್ರೇ... ದಮ್ಮಯ್ಯ!’

ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು, ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದದ್ದು ಅವಳಿಗೆ ನೆನಪಾಯಿತು. ನೆನಪನ್ನು ಅಲ್ಲೇ ಅದುಮಿದಳು. ‘ಹೊಸ ಜಾಗ, ಮೈಕಿನ ಸದ್ದು... ಬೆದರಿರಬೇಕು. ನಾನು ಚೆನ್ನಾಗಿದ್ದೇನೆ.’

"ಕೂತ್ಕೋ," ಎಂದು ಪಿಸುಗುಟ್ಟಿದಳು.

ಎದುರಿಗೆ ನಿಂತಿದ್ದ ಅವನು ಅದನ್ನು ನೋಡಿದ. ಪಂಜದ ಅರ್ಥ ಅವನಿಗೂ ಗೊತ್ತು. ಒಂದು ಹೆಜ್ಜೆ ಮುಂದಿಟ್ಟ. ಅವಳು ಕಣ್ಣಲ್ಲೇ ಬೇಡಿಕೊಂಡಳು... ಅವನು ನಿಂತುಬಿಟ್ಟ.

ಮತ್ತೆ ಪಂಜ. ಈ ಸಲ ಅವಳು ಅದನ್ನು ಕೈಯಿಂದ ತಳ್ಳಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ!

ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿದ. ಎದ್ದು ನಿಂತ. ಹಾಲ್ ಪ್ರತಿಧ್ವನಿಸುವಂತೆ ಬೊಗಳಿದ.

"ಆಯ್ತು, ನಮಸ್ಕಾರ," ಎಂದು ಮ್ಯಾನೇಜರ್ ಕೈ ಮುಗಿದ.

"ನಾನು ಬಡ್ಕೊಂಡೆ..." ಎಂದು ಅತ್ತೆ ಶುರುಮಾಡಿದರು.

"ಯಾಕೋ ಹೀಗೆ ಮಾಡ್ದೆ?" ಅವಳು ನಾಯಿಯ ಮೇಲೆ ಹರಿಹಾಯ್ದಳು. "ಎಲ್ಲಾ ಹಾಳು... ಮಾಡಿ... ನಂದು... ಎಲ್ಲಾ..." ಮಾತು ನಾಲಿಗೆಗೆ ತೊಡರಿಕೊಂಡಿತು. ವೇದಿಕೆಯ ದೀಪಗಳು ದೂರ ಸರಿದವು. ಕಾಲಿನ ಕೆಳಗಿನ ನೆಲ ಯಾರದೋ ನೆಲವಾಯಿತು.

ಬೀಳುವ ಮೊದಲೇ ಅವನು ಹಿಡಿದುಕೊಂಡ. ನಾಯಿಗೆ ತೊಡಿಸಿದ್ದ ಅಂಗಿಯ ಜೇಬಿನಿಂದ ಜ್ಯೂಸ್ ಬಾಟಲಿ ಎಳೆದ. ಆದರೆ ಲಿಫ್ಟಿನ ಬಾಗಿಲನ್ನೇ ಬಿಡಿಸುವ ಕೈಗೆ ಆ ಪುಟ್ಟ ಮುಚ್ಚಳ ಬಿಡಿಸಲಾಗಲಿಲ್ಲ! ಅವನ ಬೆರಳುಗಳು ಅಷ್ಟು ನಡುಗುತ್ತಿದ್ದವು.

"ತಾರೋ ಇಲ್ಲಿ!" ಅವನ ಅಮ್ಮ ಕಿತ್ತುಕೊಂಡು, ಹಲ್ಲಿನಿಂದ ಕಚ್ಚಿ ತೆರೆದರು. "ಕುಡಿ ಮಗಳೇ... ಕುಡಿ..."

ಬೆರಳಿಗೆ ಸೂಜಿ ಚುಚ್ಚಿದಾಗ ಸಕ್ಕರೆ ಅಳೆಯುವ ಮೀಟರ್ ತೋರಿಸಿದ್ದು ನಲವತ್ತಾರು.

*

ಹೊರಗೆ, ಹಾಲ್‌ನ ಮೆಟ್ಟಿಲ ಮೇಲೆ ಅವರಿಬ್ಬರೇ ಕುಳಿತಿದ್ದರು. ಅಮ್ಮ ಚಹಾ ತರಲು ಹೋಗಿದ್ದರು. ಮೇಷ್ಟ್ರು ಅವಳ ಪಾದದ ಬಳಿ ಮಲಗಿದ್ದ. ತಳ್ಳಿದ ಕೈಯನ್ನೇ ಅವನು ನೆಕ್ಕುತ್ತಿದ್ದುದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ನಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತಳು.

"ನೀನು ನೋಡ್ದೆ," ಎಂದಳು ಆಮೇಲೆ ಪಕ್ಕದಲ್ಲಿದ್ದ ಅವನಿಗೆ, ಮುಖ ಎತ್ತದೆ. "ನೋಡಿಯೂ ಸುಮ್ಮನಿದ್ದೆ. ನಿಂಗೂ ಈ ನಾಯಿ, ಈ ಮೀಟರು ಏನೂ ಇಲ್ಲದ ಹುಡುಗಿನೇ ಬೇಕಿತ್ತು, ಅಲ್ವಾ?"

"ಹುಚ್ಚಿ!"

"ಮತ್ತ್ಯಾಕೆ?"

ಅವನು ಖಾಲಿ ಜ್ಯೂಸ್ ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟ.

"ಲಿಫ್ಟಲ್ಲಿ ಭಾರ ಜಾಸ್ತಿಯಾದ್ರೆ ಬಜರ್ ಹೊಡ್ಕೊಳ್ಳುತ್ತೆ. ಕೆಲವು ಕಡೆ ಜನ ಅದು ಕಿರಿಕಿರಿ ಅಂತ ವೈರೇ ಕೀಳ್ತಾರೆ. ಅಂಥವರನ್ನ ನಾನು ಎಷ್ಟು ಬೈದಿದೀನಿ ಗೊತ್ತಾ? ಇವತ್ತು..." ಅವನು ನಾಯಿಯ ತಲೆ ಸವರಿದ. "ಇವತ್ತು ನಾನೇ ವೈರ್ ಕಿತ್ತೆ ಕಣೇ. ಇದೊಂದು ಹಾಲ್ ನಿಂಗೆ ಸಿಗ್ಲಿ ಅನ್ನಿಸ್ತು. ನಿನ್ನ ಕಣ್ಣು ನೋಡಿ ಸೋತೆ. ಆ ಮುಚ್ಚಳ ಬಿಚ್ಚೋಕಾಗದಾಗ... ನೀನಿಲ್ಲದಿದ್ರೆ ನಾನು ಏನೂ ಅಲ್ಲ ಅಂತ ಗೊತ್ತಾಯ್ತು."

ಅವಳು ಅವನ ಕೈ ಹಿಡಿದಳು.

"ಇನ್ನೆಲ್ಲಿ ಹುಡುಕೋದು ಲಿಫ್ಟು? ಎಲ್ಲ ಬಾಗಿಲೂ ಮುಚ್ಚಿದ್ವಲ್ಲ..."

"ಗೊತ್ತಿಲ್ಲ." ಅವನು ಸುಳ್ಳು ಸಮಾಧಾನ ಹೇಳಲಿಲ್ಲ. "ನಿಜವಾಗ್ಲೂ ಗೊತ್ತಿಲ್ಲ."

"ನಮ್ಮನೆ ಟೆರೇಸ್‌ಗೆ ಏನಾಗಿದೆ?"

ಹಿಂದೆ ಅಮ್ಮ, ಎರಡು ಕೈಯಲ್ಲಿ ಎರಡು ಲೋಟ. ಅವರ ಕಣ್ಣೂ ಕೆಂಪಾಗಿತ್ತು.

"ಅಮ್ಮಾ, ನಾಲ್ಕನೇ ಮಹಡಿ! ಲಿಫ್ಟ್ ಬೇರೆ ಇಲ್ಲ."

"ಲಿಫ್ಟ್ ರಿಪೇರಿಯವನ ಮದುವೆ ಅಂತ ನಕ್ಕೊಂಡು ಹತ್ತಿ ಬರ್ಲಿ. ಮಂಡಿ ನೋವಿರೋರಿಗೆ ಊಟ ಕೆಳಗೇ ಕಳಿಸೋಣ. ಕರೆದವರಲ್ಲಿ ಅರ್ಧ ಜನಕ್ಕೆ ಅಲ್ಲಿ ಜಾಗ ಸಾಲಲ್ಲ, ಮುನಿಸ್ಕೊಳ್ತಾರೆ. ಮುನಿಸ್ಕೊಳ್ಲಿ," ಎಂದು ಅವರು ಲೋಟ ಕೆಳಗಿಟ್ಟರು. "ನಂಗೇನೂ ಗೊತ್ತಿರಲಿಲ್ಲ ಮಗಳೇ. ಗದರೋ ನಾಯಿ ಅಂತ ಅಂದ್ಕೊಂಡಿದ್ದೆ."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಅವನ ಭುಜಕ್ಕೆ ಒರಗಿದಳು.

"ಇನ್ನೊಂದ್ಸಲ ನಾನು ಅವನಿಗೆ ‘ಕೂತ್ಕೋ’ ಅಂದ್ರೆ?"

"ಆಗ ನಾನು ಬೊಗಳ್ತೀನಿ."

"ಪ್ರಾಮಿಸ್?"

"ಪ್ರಾಮಿಸ್, ಕನ್ನ..."

"ಏಯ್! ನಿಮ್ಮ ಪ್ರೀತಿ ಆಮೇಲೆ ಇಟ್ಕೊಳ್ಳಿ," ಅಮ್ಮನ ದನಿ ನಡುವೆ ತೂರಿತು. "ಮೇಷ್ಟ್ರು ಕರೀತಿದಾರೆ, ಕಾಣಲ್ವಾ?"

ಮೊಣಕಾಲಿನ ಮೇಲೆ ಪಂಜ ಇತ್ತು.

ಅವಳು ಮರುಮಾತಿಲ್ಲದೆ ಬೆರಳು ಚಾಚಿದಳು. ಅವನು ಸೂಜಿ ಚುಚ್ಚಿದ. ಮೂರು ತಲೆಗಳು ಮೀಟರಿನ ಮೇಲೆ ಬಾಗಿದವು.

ಅರವತ್ತೆಂಟು. ಎಪ್ಪತ್ತಕ್ಕೆ ಇನ್ನೂ ಎರಡು ಕಡಿಮೆ.