ಘಾಟಿಯಲ್ಲಿ ನಿಂತುಹೋದ ಚುಕ್ಕೆ

"ಸಂಜೆಗೆ ಬಂದು ತಟ್ಟೆ ಮುಟ್ತೀನಿ. ಸಾಕಾ ಗೋಮತಿ?"

ಮಾರ್ಕಯನ್‌ಕೋಟ್ಟೈಯ ಬೀದಿಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಮಗ ಶರವಣನ್. ಎಷ್ಟೋ ತಿಂಗಳ ಮೇಲೆ ಅವನ ಮುಖ ಕಂಡದ್ದೇ ತಡ, ಗೋಮತಿಯ ಕೈಯಲ್ಲಿದ್ದ ಕೋಲ ಹಾಕುವ ರಂಗೋಲಿ ಪುಡಿ ನೆಲಕ್ಕೆ ಚೆಲ್ಲಿಹೋಯಿತು.

"ಮುಟ್ಟು. ಬ್ಯಾಡ ಅಂದೋರ್ ಯಾರು?"

ಬಾಯಿ ಹಾಗೆಂದಿತು. ಒಳಗೆ ಮಾತ್ರ ಜೀವ ಗೋಗರೆಯುತ್ತಿತ್ತು... 'ಮುಟ್ಟಲ್ಲ ಅನ್ನು ಮಾಮಾ! ಒಂದೇ ಒಂದು ಸಲ ಅನ್ನು!'

ಅವನು ಅನ್ನಲಿಲ್ಲ. ಹ್ಯಾಂಡಲ್ ಮೇಲಿನ ಜಿಪಿಎಸ್ ಯಂತ್ರದ ಗುಂಡಿ ಒತ್ತಿ ಹೊರಟೇಹೋದ.

ಆ ಮನೆತನದಲ್ಲಿ ಒಂದು ಕಟ್ಟುಪಾಡು. ಮುರೈ, ಅಂದರೆ ಕಟ್ಟಿಕೊಳ್ಳುವ ಹಕ್ಕು, ಇರುವ ಅತ್ತೆಮಗನನ್ನು ಬಿಟ್ಟು ಹೆಣ್ಣನ್ನು ಹೊರಗೆ ಕೊಡುವುದಾದರೆ, ಅವನೇ ಬಂದು ತಾಂಬೂಲದ ತಟ್ಟೆ ಮುಟ್ಟಿ "ಬಿಟ್ಟುಕೊಟ್ಟೆ" ಎನ್ನಬೇಕು. ಅವನು ಮುಟ್ಟಿದ ಮೇಲೆ ಮುಗಿಯಿತು, ದೇವರೇ ಬಂದರೂ ಮಾತು ಬದಲಾಗದು. ಇವತ್ತು ಸಂಜೆ ದಿಂಡಿಗಲ್‌ನಿಂದ ಗಂಡಿನ ಕಡೆಯವರು ಬರುವವರಿದ್ದರು. ಒಪ್ಪಿದವಳು ಗೋಮತಿಯೇ. ಸಿಟ್ಟಿನಲ್ಲಿ ಒಪ್ಪಿದ್ದಳು, ಹುಚ್ಚು ಹುಡುಗಿ!

ಸಿಟ್ಟಾದರೂ ಯಾವುದಕ್ಕೆ? ಒಂದು ಚುಕ್ಕೆಗೆ!

ಶರವಣನ್ ಹಗಲಿಡೀ ಸೈಕಲ್ ತುಳಿಯುವವನು. ದೂರದ ದಾರಿಯನ್ನು ಹಂತಹಂತವಾಗಿ ಒಡೆದುಕೊಂಡು, ಒಂದೊಂದು ಹಂತವನ್ನೂ ಆ ಯಂತ್ರದಲ್ಲಿ ದಾಖಲಿಸುವುದು ಅವನ ಚಾಳಿ. ಹಂತ ಮುಗಿದಾಗ ಗುಂಡಿ ಒತ್ತಿ ನಿಲ್ಲಿಸುವನು, ಹೊರಡುವಾಗ ಮತ್ತೆ ಒತ್ತುವನು. ಅವನು ಎಲ್ಲಿದ್ದಾನೆಂದು ಗೋಮತಿಯ ಫೋನಿನಲ್ಲಿ ಒಂದು ನೀಲಿ ಚುಕ್ಕೆ ಓಡುತ್ತಿತ್ತು. ಆ ಚುಕ್ಕೆ ನೋಡುತ್ತ ಅವಳು ಊಟ ಮರೆತ ದಿನಗಳೂ ಇದ್ದವು.

ಅವತ್ತು ಕಾಲುವೆ ಹತ್ತಿರ ಸಿಗುತ್ತೇನೆ ಎಂದಿದ್ದ. ಹೊತ್ತು ಮುಳುಗುವ ತನಕ ಕಾದಳು. ಚುಕ್ಕೆ ಪೆರಿಯಕುಳಂನಿಂದ ಅಲುಗಲೇ ಇಲ್ಲ. ಅದೂ ಎಲ್ಲಿ? ನೆಂಟರು ಅವನಿಗೆಂದು ನೋಡಿದ್ದ ಮುತ್ತುಲಕ್ಷ್ಮಿಯ ಬೀದಿಯಲ್ಲಿ!

"ಪಂಚರ್ ಆಗಿ ಲೇಟಾಯ್ತು. ಆದ್ರೂ ಬಂದಿದ್ದೆ ಗೋಮತಿ. ನೀನೇ ಇರ್ನಿಲ್ಲ," ಎಂದಿದ್ದ ಮರುದಿನ.

"ಸುಳ್ಳು! ರಾತ್ರಿ ತನಕ ಅಲ್ಲೇ ಇದ್ದೆ ನೀ. ನೋಡು!" ಎಂದು ಫೋನನ್ನು ಅವನ ಮುಖಕ್ಕೇ ಹಿಡಿದಿದ್ದಳು.

ಅವನ ಮುಖ ಕಪ್ಪಿಟ್ಟಿತ್ತು. "ನನ್ ಮಾತಿಗಿಂತ ಈ ಚುಕ್ಕೆ ದೊಡ್ಡದಾಗೋಯ್ತಾ?" ಎಂದವನು ಆಮೇಲೆ ಈ ಬಾಗಿಲಿಗೆ ಕಾಲಿಟ್ಟದ್ದು ಇವತ್ತೇ.

*

ಮಧ್ಯಾಹ್ನ ತಾಯಿ ಕಣ್ಣಮ್ಮಾಳ್ ಮಲ್ಲಿಗೆ ಹಿಡಿದು ಕೂಗಿದಳು. "ಬಾರೇ, ತಲೆ ಬಾಚಿ ಹೂ ಮುಡಿಸ್ತೀನಿ."

ಗೋಮತಿಗೆ ಕೇಳಿಸಲಿಲ್ಲ. ಅಳಿಸಬೇಕು ಅಳಿಸಬೇಕು ಎನ್ನುತ್ತಲೇ ಅಳಿಸದೆ ಉಳಿಸಿಕೊಂಡಿದ್ದ ಆ ಚುಕ್ಕೆಯ ಮೇಲೇ ಅವಳ ಕಣ್ಣು. ಪೆರಿಯಕುಳಂ ಮುಟ್ಟಿ, ತೇನಿ ದಾಟಿ, ಬೋಡಿಯಿಂದ ಘಾಟಿ ಹತ್ತಿತ್ತು ಅದು. ಘಾಟಿಯ ನೆತ್ತಿಯ ಬೋಡಿಮೆಟ್ಟಿಗೆ ಸ್ವಲ್ಪ ಕೆಳಗೆ, ಕಣಿವೆಯ ಅಂಚಿನ ತಿರುವಿನಲ್ಲಿ ನಿಂತಿತು.

ನಿಂತದ್ದು ನಿಂತೇ ಇತ್ತು...

ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ, ಮತ್ತೆ! ಆ ತಿರುವಿನಲ್ಲಿ ಕೆಳಗೆ ನೋಡಿದರೆ ತಲೆ ಸುತ್ತುತ್ತದೆ. 'ಬೇಕಂತಲೇ ಏನಾದರೂ... ಅಯ್ಯೋ, ಬೆಳಿಗ್ಗೆ ನಾನು ಆಡಿದ ಮಾತು!'

"ಎಲ್ಲಿಗೇ? ಗಂಡಿನೋರು ಬತ್ತಾರೆ ಕಣೇ!"

"ಬರ್ಲಿ ಅಮ್ಮಾ!" ಸ್ಕೂಟರ್ ಆಗಲೇ ಬೀದಿ ದಾಟಿತ್ತು.

ಬೋಡಿ ಬರುವಷ್ಟರಲ್ಲಿ ಕಣ್ಣೀರಿಗೆ ದಾರಿಯೇ ಕಾಣದಾಯಿತು. 'ಮುತ್ತುಲಕ್ಷ್ಮಿಯನ್ನೇ ಕಟ್ಟಿಕೋ ಮಾಮಾ, ನಾನು ಉಸಿರೆತ್ತಲ್ಲ. ಜೀವ ಒಂದಿರಲಿ. ಜೀವ ಒಂದಿದ್ದರೆ ಸಾಕು...'

ಘಾಟಿಯ ಬುಡದ ಚೆಕ್‌ಪೋಸ್ಟಿನಲ್ಲಿ ಸ್ಕೂಟರನ್ನು ಹಾಗೇ ಬೀಳಿಸಿ ಕಾವಲುಗಾರನ ಹತ್ತಿರ ಓಡಿದಳು. "ಅಣ್ಣಾ, ಮೇಲೆ ಸೈಕಲ್‌ನವರು ಯಾರಾದ್ರೂ ಬಿದ್ದರಂತಾ?"

"ತೆರಿಯಲಯೇಮ್ಮಾ..." ಗೊತ್ತಿಲ್ಲವೆಂದು ಅವನು ಕೈಯಾಡಿಸಿದ.

ಆಗಲೇ ಅವನ ಬೆನ್ನ ಹಿಂದಿನಿಂದ ಬ್ರೇಕಿನ ಕಿರ್ರನೆ ಸದ್ದು.

"ಗೋಮತಿ! ನೀ ಇಲ್ಲಿ..?"

ಶರವಣನ್! ಮೈತುಂಬ ಧೂಳು, ಕಣ್ಣು ಕೆಂಪು. ಆದರೆ ಗಟ್ಟಿಯಾಗಿ ನಿಂತಿದ್ದ.

ಗೋಮತಿ ಅವನನ್ನು ನೋಡಿದಳು, ಫೋನ್ ನೋಡಿದಳು. ಚುಕ್ಕೆ ಇನ್ನೂ ಮೇಲಿನ ತಿರುವಿನಲ್ಲೇ ಇತ್ತು.

ಓಡಿಹೋಗಿ ಎರಡೂ ಕೈಯಲ್ಲಿ ಅವನ ಎದೆಗೆ ಗುದ್ದಿದಳು. "ಫೋನ್ ಯಾಕೆ ಎತ್ನಿಲ್ಲ? ಸತ್ತೋದೆ ಅನ್ಕೊಂಡೆ ಮಾಮಾ! ಚುಕ್ಕೆ ಅಲ್ಲೇ ನಿಂತದೆ, ನೋಡು!"

"ಫೋನ್ ಬ್ಯಾಗಲ್ಲಿ ಅದೆ, ಗಾಳೀಲಿ ಕೇಳ್ನಿಲ್ಲ. ಆ ತಿರುವಲ್ಲಿ ಕಾಲೇ ಮುಂದಕ್ಕೆ ಬರ್ನಿಲ್ಲ ಗೋಮತಿ. ಸಂಜೆ ತಟ್ಟೆ ಮುಟ್ಬೇಕಲ್ಲಾ ಅಂತ ಅಳು ಬಂದ್ಬುಟ್ಟಿತು. ಅಲ್ಲೇ ಹಂತ ನಿಲ್ಲಿಸಿ ಕುಂತ್ಕೊಂಡೆ..." ಅವನು ಬಗ್ಗಿ ಯಂತ್ರ ನೋಡಿದ. "ಅಡ ಕಡವುಳೇ, ದೇವ್ರೇ! ಹೊರಡೋವಾಗ ಮತ್ತೆ ಒತ್ತೋದೇ ಮರ್ತೋದೆ!"

ಗೋಮತಿಯ ಕೈ ಅಲ್ಲೇ ನಿಂತಿತು.

"ಒತ್ತದಿದ್ರೆ... ಚುಕ್ಕೆ ಬರಲ್ವಾ?"

"ಎಲ್ಲಿ ನಿಲ್ಲಿಸಿದ್ನೋ ಅಲ್ಲೇ ಇರ್ತದೆ."

"ಅವತ್ತು ಪೆರಿಯಕುಳಂನಲ್ಲಿ..?"

"ಆ ಬೀದಿ ಅಂಗಡೀಲಿ ಟೀ ಕುಡಿಯಕ್ಕೆ ನಿಲ್ಲಿಸಿದ್ದೆ..." ಎಂದವನು ತಡೆದ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವತ್ತೂ ಅವನು ಒತ್ತಿರಲಿಲ್ಲ! ನಿಜವಾಗಿಯೂ ಕಾಲುವೆಗೆ ಬಂದು, ಕತ್ತಲಲ್ಲಿ ಒಬ್ಬನೇ ನಿಂತು ಹೋಗಿದ್ದ.

ಗೋಮತಿ ಬಿಕ್ಕಿ ಬಿಕ್ಕಿ ಅತ್ತಳು. "ನಿನ್ ಮಾತು ನಂಬ್ನಿಲ್ಲ ನಾನು... ಬುಡ್ಬೇಡ ಮಾಮಾ ನನ್ನ. ಆ ತಟ್ಟೆ ಮುಟ್ಬೇಡ!"

ಅಷ್ಟರಲ್ಲಿ ಫೋನ್. ತಂದೆ ಗುರುಸಾಮಿ. "ಎಲ್ಲಿದೀಯೇ? ಅವರು ದಿಂಡಿಗಲ್ ಬುಡೋ ಹೊತ್ತಾಯ್ತು!"

"ಅಪ್ಪಾ, ಶರವಣ ಮಾಮ ತಟ್ಟೆ ಮುಟ್ಟಲ್ಲ."

ಆ ಕಡೆಯಿಂದ ಗಡಸಾಗಿ, "ಅದನ್ನ ಅವನ ಬಾಯಲ್ಲೇ ಯೋಳ್ಸು."

ಶರವಣನ್ ಫೋನ್ ಇಸಿದುಕೊಂಡ. "ಮಾವಾ... ನಾ ಬುಟ್ಟುಕೊಡಲ್ಲ. ಗೋಮತಿ ನಂಗೇ ಬೇಕು."

"ಇದನ್ನ ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ಯೋಳಕ್ಕೆ ಏನಾಗಿತ್ತೋ ನಿಂಗೆ!" ಬೈದರೂ ಮುದುಕನ ದನಿ ಒಡೆಯಿತು. "ಶರಿ, ಅವರಿಗೆ ಕೈಮುಗಿದು ನಾನೇ ಯೋಳ್ತೀನಿ. ಇಬ್ರೂ ಮನೆಗೆ ಬನ್ನಿ."

ಶರವಣನ್ ಅವಳ ಕೆನ್ನೆ ಒರೆಸಿದ. ಅವನ ಕೈಯ ಧೂಳೆಲ್ಲ ಅವಳ ಮುಖಕ್ಕಾಯಿತು. ಇಬ್ಬರಿಗೂ ಅಳುವಿನ ನಡುವೆಯೇ ನಗು ಬಂತು.

"ಕೊನೇ ಹಂತ ಬಾಕಿ ಅದೆ," ಎಂದ.

"ಎಲ್ಲಿಗೆ?"

"ನಮ್ಮನೆಗೆ."

ಗೋಮತಿ ತಾನೇ ಬಗ್ಗಿ ಗುಂಡಿ ಒತ್ತಿದಳು. "ಇನ್ಮೇಲೆ ಇದನ್ನ ಒತ್ತೋದು ನನ್ ಕೆಲ್ಸ."

"ಜೀವ ಇರೋ ತನಕ್ವಾ?"

"ಆಮಾ, ಹೂಂ. ನೀ ಮರೀತಾನೇ ಇರ್ತೀಯಲ್ಲ ಮಾಮಾ!"